ಅನ್ನದಲ್ಲಿ ಅಡಗಿದ ನಂಜು



‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ತಾವೆಲ್ಲರೂ ಬಲ್ಲಿರಿ. ಊಟ ಬಲ್ಲವನೆಂದರೆ ಹಿತವಾಗಿ, ಮಿತವಾಗಿ ಉಣ್ಣುವವನೆಂದು ಹಿರಿಯರು ಅರ್ಥ ಹೇಳುತ್ತಿದ್ದರು. ಇಂದು ಆ ಅರ್ಥಕ್ಕೆ ಇನ್ನೊಂದನ್ನು ಕೂಡಿಸಿಕೊಳ್ಳಬೇಕಾಗಿದೆ. ತಾನು ಉಣ್ಣುವ ಕಾಳು ಎಲ್ಲಿಂದ ಬಂದಿತು, ಯಾವ ಮೂಲೆಯಲ್ಲಿ ಇದ್ದಿತು, ಯಾವುದರ ಪಕ್ಕದಲ್ಲಿ ಮಲಗಿತ್ತು, ಯಾವ ಡಬ್ಬಿಯನ್ನು ಹೊಕ್ಕು ಹೊರಬಂದಿತು ಎಂಬುದನ್ನು ಅರಿತವನೇ ಊಟ ಬಲ್ಲವನು. ಗಾದೆಯ ಎರಡನೆಯ ಭಾಗವೂ ಈ ವಿಷಯಕ್ಕೆ ಸಲ್ಲುತ್ತದೆ. ಏಕೆಂದರೆ ಅನ್ನದೊಳಕ್ಕೆ ನಂಜು ಸೇರುವುದು ಎಷ್ಟೋ ವೇಳೆ ಗಂಡ ಹೆಂಡಿರ ನಡುವೆ ಆಡದೆ ಉಳಿದ ಒಂದು ಮಾತಿನಿಂದ. ಇದು ಹೇಗೆಂಬುದನ್ನು ಮುಂದೆ ವಿವರಿಸುತ್ತೇನೆ.

ಮೊದಲು ಒಂದು ತಪ್ಪು ಭಯವನ್ನು ದೂರ ಮಾಡೋಣ. ಆಹಾರ ಕೆಡುವ ಮಾತು ಬಂದಾಗ ಇತ್ತೀಚಿನ ದಿನಗಳಲ್ಲಿ ಹಲವರ ಬಾಯಲ್ಲಿ ‘ರೇಡಿಯೇಷನ್’ ಎಂಬ ಶಬ್ದ ಕೇಳಿಬರುತ್ತದೆ. ಊರಿನ ಮೊಬೈಲ್ ಗೋಪುರದ ಬಳಿ ಕಟ್ಟಿದ ಹಸುವಿನ ಹಾಲು ಕುಡಿಯಬಹುದೇ ಎಂದು ಕೇಳುವವರಿದ್ದಾರೆ. ಪಟ್ಟಣದಲ್ಲಿ ಓದುವ ಮಕ್ಕಳು ಆಡುವ ವಿಡಿಯೊ ಆಟಗಳು ಈ ಭಯಕ್ಕೆ ಬಣ್ಣ ಕಟ್ಟಿವೆ. 1997ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಫಾಲೌಟ್’ ಎಂಬ ಆಟ ಮತ್ತು ಅದರ ಮುಂದಿನ ಕಂತುಗಳಲ್ಲಿ ಅಣುಯುದ್ಧದಿಂದ ಹಾಳಾದ ಲೋಕವೊಂದನ್ನು ಕಲ್ಪಿಸಲಾಗಿದೆ. ಅಲ್ಲಿ ಹಳೆಯ ಡಬ್ಬಿಯ ಆಹಾರವನ್ನು ತಿಂದರೆ, ಕೊಳದ ನೀರನ್ನು ಕುಡಿದರೆ ವಿಕಿರಣದ ಅಂಕಿ ಏರುತ್ತದೆ. ಒಂದು ಔಷಧವನ್ನು ತೆಗೆದುಕೊಂಡೊಡನೆ ಆ ಅಂಕಿ ಇಳಿದುಹೋಗುತ್ತದೆ. ಆಟವನ್ನು ಆಟವೆಂದು ತಿಳಿದವರಿಗೆ ಇದರಿಂದ ಕೇಡಿಲ್ಲ.

ನಿಜಸ್ಥಿತಿ ಹೀಗಿದೆ. ಮೊಬೈಲ್ ಗೋಪುರದಿಂದ ಹೊರಡುವುದು ರೇಡಿಯೋ ತರಂಗ. ಅದು ಹಾಲಿನಲ್ಲಾಗಲಿ ಕಾಳಿನಲ್ಲಾಗಲಿ ಯಾವ ನಂಜನ್ನೂ ಉಳಿಸುವುದಿಲ್ಲ. ಮೊಳಕೆಯೊಡೆಯದಂತೆ ಈರುಳ್ಳಿಗೆ ಗಾಮಾ ಕಿರಣ ಹಾಯಿಸುವ ಕೇಂದ್ರವೊಂದು ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್‌ನಲ್ಲಿ 2002ರಲ್ಲಿ ಆರಂಭವಾಯಿತು. ಹಾಗೆ ಕಿರಣ ಹಾಯಿಸಿದ ಈರುಳ್ಳಿಯೂ ವಿಕಿರಣವನ್ನು ಹೊರಸೂಸುವ ವಸ್ತುವಾಗುವುದಿಲ್ಲ. ಬಿಸಿಲು ಬಿದ್ದ ಕಲ್ಲು ತಾನೇ ಸೂರ್ಯನಾಗದು ಎಂಬಂತೆ ಇದನ್ನು ತಿಳಿಯಬೇಕು.

ವಿಕಿರಣದಿಂದ ಆಹಾರ ಕೆಟ್ಟ ನಿಜವಾದ ಪ್ರಸಂಗಗಳೂ ಉಂಟು. 1986ರ ಏಪ್ರಿಲ್ 26ರಂದು ಅಂದಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರ ಸಿಡಿದಾಗ ವಿಕಿರಣಯುಕ್ತ ಅಯೋಡಿನ್ ಹುಲ್ಲಿನ ಮೇಲೆ ಬಿದ್ದಿತು. ಆ ಹುಲ್ಲನ್ನು ಹಸುಗಳು ಮೇದವು. ಹಸುವಿನ ಹಾಲನ್ನು ಮಕ್ಕಳು ಕುಡಿದರು. ಮುಂದಿನ ವರ್ಷಗಳಲ್ಲಿ ಆ ಪ್ರದೇಶದ ಸಾವಿರಾರು ಮಕ್ಕಳಿಗೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಕಾಣಿಸಿಕೊಂಡಿತು. ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಮಗುವಿಗೆ ಎಂಬ ಈ ಹಾದಿಯನ್ನು ನೆನಪಿನಲ್ಲಿಡಿರಿ. ನಮ್ಮ ಊರಿನ ನಂಜುಗಳೂ ಇದೇ ಹಾದಿಯಲ್ಲಿ ನಡೆಯುತ್ತವೆ.

ಆಟದಲ್ಲಿ ನಂಜಿಗೆ ಅಂಕಿ ಉಂಟು, ಅದನ್ನು ಅಳಿಸುವ ಮದ್ದೂ ಉಂಟು. ನಮ್ಮ ಮನೆಯ ನಂಜಿಗೆ ಅಂಕಿಯಿಲ್ಲ. ಅನೇಕ ವೇಳೆ ಬಣ್ಣವಿಲ್ಲ, ರುಚಿಯಿಲ್ಲ. ಕೆಲವು ನಂಜುಗಳು ಮೈಯಲ್ಲಿ ತೋರುವುದಕ್ಕೆ ವಾರಗಳು ಬೇಕು. ತೋರಿದ ಮೇಲೆ ಮರಳಿ ಸರಿಪಡಿಸುವ ಔಷಧ ವೈದ್ಯನ ಬಳಿಯಲ್ಲಿಯೂ ಇರದು. ಆದುದರಿಂದ ಇದರಲ್ಲಿ ತಡೆಯುವುದೇ ಚಿಕಿತ್ಸೆ. ನಮ್ಮ ಹಳ್ಳಿಯ ಮನೆಗಳಿಗೆ ಇಂತಹ ನಂಜು ಬರುವ ಮೂರು ಮುಖ್ಯ ದಾರಿಗಳನ್ನು ಇಲ್ಲಿ ತಿಳಿಸುತ್ತೇನೆ.

ಮೊದಲನೆಯದು, ಮದ್ದು ಲೇಪಿಸಿದ ಬಿತ್ತನೆ ಬೀಜ.

ಇರಾಕ್ ದೇಶದಲ್ಲಿ 1971ರಲ್ಲಿ ನಡೆದ ಸಂಗತಿಯನ್ನು ಪ್ರತಿಯೊಬ್ಬ ರೈತ ದಂಪತಿಯೂ ತಿಳಿದಿರಬೇಕು. ಅಲ್ಲಿಯ ಸರ್ಕಾರ ಬಿತ್ತನೆಗೆಂದು ಗೋಧಿ ಮತ್ತು ಬಾರ್ಲಿ ಬೀಜವನ್ನು ಹೊರದೇಶದಿಂದ ತರಿಸಿ ರೈತರಿಗೆ ಹಂಚಿತು. ಬೂಷ್ಟು ತಗಲದಂತೆ ಆ ಬೀಜಕ್ಕೆ ಪಾದರಸದ ಒಂದು ಸಂಯುಕ್ತವನ್ನು ಲೇಪಿಸಿದ್ದರು. ತಿನ್ನಬಾರದೆಂಬ ಗುರುತಿಗಾಗಿ ಕೆಂಪು ಬಣ್ಣವನ್ನೂ ಹಾಕಿದ್ದರು. ಚೀಲಗಳ ಮೇಲಿನ ಎಚ್ಚರಿಕೆಯ ಬರಹ ಇದ್ದುದು ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ. ಬೀಜ ಬಂದು ತಲುಪುವ ಹೊತ್ತಿಗೆ ಹಲವೆಡೆ ಬಿತ್ತನೆಯ ಹದ ಮೀರಿತ್ತು. ಮನೆಯಲ್ಲಿ ಕಾಳು ಕಡಮೆಯಿತ್ತು. ರೈತರು ಬೀಜವನ್ನು ನೀರಿನಲ್ಲಿ ತೊಳೆದರು. ಬಣ್ಣ ಹೋಯಿತು. ಬಣ್ಣದೊಡನೆ ನಂಜೂ ಹೋಯಿತೆಂದು ನಂಬಿದರು. ಕೆಲವರು ಕೋಳಿಗಳಿಗೆ ಹಾಕಿ ನೋಡಿದರೆಂದೂ, ಕೋಳಿಗಳಿಗೆ ಕೂಡಲೇ ಏನೂ ಆಗದುದರಿಂದ ಧೈರ್ಯ ತಾಳಿದರೆಂದೂ ವರದಿಗಳು ತಿಳಿಸುತ್ತವೆ. ಬಳಿಕ ಬೀಸಿ ರೊಟ್ಟಿ ಮಾಡಿ ಉಂಡರು.

ಕೆಲವು ವಾರಗಳವರೆಗೆ ಯಾರಿಗೂ ಏನೂ ಆಗಲಿಲ್ಲ. ಅನಂತರ ಬಾಯಿಯ ಸುತ್ತ, ಕೈಕಾಲುಗಳಲ್ಲಿ ಜೋಮು ಹಿಡಿಯತೊಡಗಿತು. ನಡೆಯುವಾಗ ಹೆಜ್ಜೆ ತಪ್ಪಿತು. ಕಣ್ಣು ಮಂಜಾಯಿತು, ಕಿವಿ ಕೇಳದಾಯಿತು. 6530 ಜನ ಆಸ್ಪತ್ರೆ ಸೇರಿದರು. ಆಸ್ಪತ್ರೆಗಳಲ್ಲಿಯೇ 459 ಜನ ತೀರಿಕೊಂಡರು.

ಇದಕ್ಕಿಂತಲೂ ದಾರುಣವಾದ ಸಂಗತಿ ಆಮೇಲೆ ಬೆಳಕಿಗೆ ಬಂದಿತು. ಗರ್ಭಿಣಿಯಾಗಿದ್ದಾಗ ಆ ರೊಟ್ಟಿಯನ್ನು ತಿಂದ ಕೆಲವು ತಾಯಂದಿರಲ್ಲಿ ಕಾಯಿಲೆಯ ಲಕ್ಷಣ ತೀರ ಅಲ್ಪವಾಗಿತ್ತು. ಆದರೆ ಅವರಿಗೆ ಹುಟ್ಟಿದ ಮಕ್ಕಳ ಮಿದುಳು ಬೆಳೆದಿರಲಿಲ್ಲ. ತಡವಾಗಿ ನಡೆದ, ಮಾತು ಬಾರದ, ಕಣ್ಣು ಕಾಣದ ಮಕ್ಕಳು ಆ ಮನೆಗಳಲ್ಲಿ ಬೆಳೆದರು. ಪಾದರಸದ ಈ ಸಂಯುಕ್ತ ಮಾಸವನ್ನು ದಾಟಿ ಶಿಶುವಿನ ರಕ್ತದಲ್ಲಿ ತಾಯಿಯ ರಕ್ತಕ್ಕಿಂತಲೂ ಹೆಚ್ಚಾಗಿ ಶೇಖರವಾಗುತ್ತದೆ. ತಾಯಿಯ ಮೈ ತಾಳಿಕೊಂಡುದನ್ನು ಹೊಟ್ಟೆಯೊಳಗಿನ ಕೂಸು ತಾಳಲಾರದು.

ಇಂದು ನಮ್ಮಲ್ಲಿ ಬೀಜೋಪಚಾರಕ್ಕೆ ಬಳಸುವ ಥೈರಾಮ್, ಇಮಿಡಾಕ್ಲೋಪ್ರಿಡ್ ಮುಂತಾದವು ಬೇರೆ ಬಗೆಯವು. ಆದರೂ ಅವು ಹುಳುವನ್ನೂ ಬೂಷ್ಟನ್ನೂ ಕೊಲ್ಲುವುದಕ್ಕಾಗಿ ಮಾಡಿದವು. ಬಿತ್ತಿ ಮಿಕ್ಕ ಜೋಳ, ಮೆಕ್ಕೆಜೋಳ, ಕಡಲೆ, ಶೇಂಗಾ ಬೀಜವನ್ನು ಎಷ್ಟು ಸಲ ತೊಳೆದರೂ ಉಣ್ಣಲು ಯೋಗ್ಯವಾಗದು. ದನಕ್ಕೂ ಕೋಳಿಗೂ ಹಾಕಕೂಡದು. ಮುಂದಿನ ಹಂಗಾಮಿಗೆ ಬೇಡವಾದರೆ ಬಿತ್ತುವ ನೆರೆಯವರಿಗೆ ಅದೇ ಚೀಲದಲ್ಲಿ, ಅದೇ ಚೀಟಿಯೊಡನೆ ಕೊಡಿರಿ. ಬಿತ್ತನೆ ಬೀಜದ ಖಾಲಿ ಚೀಲದಲ್ಲಿ ಹಿಟ್ಟನ್ನೂ ಅಕ್ಕಿಯನ್ನೂ ತುಂಬಬೇಡಿರಿ.

ಎರಡನೆಯದು, ಕಾಳಿಗೆ ಹಿಡಿದ ಬೂಷ್ಟು.

ಈ ನಂಜನ್ನು ಯಾರೂ ತಂದು ಬೆರೆಸುವುದಿಲ್ಲ. ತೇವವಿದ್ದಲ್ಲಿ ತಾನಾಗಿಯೇ ಹುಟ್ಟುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಶೋಧಿಸಿದಾಗ ಅವುಗಳಿಗೆ ಹಾಕುತ್ತಿದ್ದ ಕಡಲೆಕಾಯಿ ಹಿಂಡಿಯಲ್ಲಿ ಹಸಿರು ಹಳದಿ ಬಣ್ಣದ ಒಂದು ಬೂಷ್ಟು ಬೆಳೆದು ನಂಜನ್ನು ಸ್ರವಿಸಿದ್ದುದು ಕಂಡುಬಂದಿತು. ಆ ನಂಜಿಗೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು.

ನಮ್ಮ ದೇಶವೂ ಇದರ ಪೆಟ್ಟನ್ನು ತಿಂದಿದೆ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಸುರಿದು ಮೆಕ್ಕೆಜೋಳ ನೆನೆಯಿತು. ಬಡ ಬುಡಕಟ್ಟಿನ ಜನರಿಗೆ ಅದೇ ವರ್ಷದ ಅನ್ನ. ಒದ್ದೆಯ ತೆನೆಗಳನ್ನು ಹಾಗೆಯೇ ಕೂಡಿಟ್ಟು ತಿಂದರು. ಕಣ್ಣು ಹಳದಿಯಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು. ಅದೇ ಮನೆಗಳ ನಾಯಿಗಳಿಗೂ ಅದೇ ಕಾಯಿಲೆ ಬಂದಿತು. ರೋಗಕ್ಕೆ ತುತ್ತಾದ 397 ಜನರಲ್ಲಿ 106 ಜನ ಪ್ರಾಣ ಬಿಟ್ಟರು. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ನೆಂದ ಜೋಳ ಮತ್ತು ಮೆಕ್ಕೆಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ ಬಂದವು. ಅಲ್ಲಿ ದೊರೆತುದು ಫ್ಯುಮೊನಿಸಿನ್ ಎಂಬ ಬೇರೊಂದು ಬೂಷ್ಟಿನ ನಂಜು.

ಕುದಿಸಿದರೆ ಎಲ್ಲವೂ ಶುದ್ಧವಾಗುತ್ತದೆಂಬ ನಂಬಿಕೆ ನಮ್ಮಲ್ಲಿದೆ. ನೀರಿನ ವಿಷಯದಲ್ಲಿ, ರೋಗಾಣುಗಳ ವಿಷಯದಲ್ಲಿ ಅದು ನಿಜ. ಅಫ್ಲಾಟಾಕ್ಸಿನ್ ಮಾತ್ರ ಮನೆಯ ಒಲೆಯ ಬೆಂಕಿಗೆ ಜಗ್ಗುವುದಿಲ್ಲ. ಬೂಷ್ಟು ಸತ್ತರೂ ಅದು ಉಗುಳಿದ ನಂಜು ಕಾಳಿನಲ್ಲಿಯೇ ಉಳಿಯುತ್ತದೆ. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಮೈಗೆ ಸೇರಿದರೆ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ. ಹೆಪಟೈಟಿಸ್ ಬಿ ಸೋಂಕು ಇದ್ದವರಲ್ಲಿ ಈ ಅಪಾಯ ಅನೇಕ ಪಟ್ಟು ಹೆಚ್ಚು. ಮಗು ಹುಟ್ಟಿದ 24 ಗಂಟೆಗಳೊಳಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಚುಚ್ಚುಮದ್ದನ್ನು ಹಾಕಿಸಬೇಕೆಂದು ನಾವು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಈ ಲಸಿಕೆ ತಪ್ಪುವ ಸಂಭವ ಕಡಮೆ.

ಬೂಷ್ಟು ಹಿಡಿದ ಹಿಂಡಿಯನ್ನು ‘ದನಕ್ಕಾದರೂ ಆಗಲಿ’ ಎಂದು ಹಾಕುವವರುಂಟು. ಹಸು ತಿಂದ ನಂಜಿನ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಬರುತ್ತದೆ. ಚೆರ್ನೋಬಿಲ್ಲಿನ ಹುಲ್ಲು ಹಿಡಿದ ಹಾದಿಯೇ ಇದು. ಬೆಳಿಗ್ಗೆ ದನದ ಮುಂದೆ ಎಸೆದುದು ಮಾರನೆಯ ದಿನ ಮಗುವಿನ ಲೋಟದಲ್ಲಿ ಇರುತ್ತದೆ.

ತಡೆಯುವ ಉಪಾಯ ನಮ್ಮ ಹಿರಿಯರಿಗೆ ಗೊತ್ತಿದ್ದುದೇ. ಕಡಲೆಕಾಯಿಯನ್ನು ಅಲ್ಲಾಡಿಸಿದಾಗ ಸಿಪ್ಪೆಯೊಳಗೆ ಬೀಜ ಗಲಗಲ ಎನ್ನುವವರೆಗೆ ಒಣಗಿಸಿರಿ. ಮೆಕ್ಕೆಜೋಳದ ತೆನೆಯನ್ನು ಬರಿನೆಲದ ಮೇಲೆ ಹರಡದೆ ತಾಡಪಾಲಿನ ಮೇಲೆ ಹರಡಿರಿ. ಮೋಡ ಕಂಡೊಡನೆ ಮುಚ್ಚಿರಿ. ಚೀಲಗಳನ್ನು ಗೋಡೆಗೆ ತಾಗಿಸದೆ, ನೆಲಕ್ಕೆ ಇಳಿಸದೆ ಹಲಗೆಯ ಮೇಲೆ ಒಟ್ಟಿರಿ. ಅಡುಗೆಗೆ ಮುನ್ನ ಮೊರದಲ್ಲಿ ಕೇರಿ, ಬಣ್ಣಗೆಟ್ಟ, ಸುಕ್ಕಾದ, ಹುಳು ಕೊರೆದ, ಬೂಷ್ಟು ಹಿಡಿದ ಕಾಳನ್ನು ಆರಿಸಿ ತೆಗೆಯಿರಿ. ನಂಜಿನ ಬಹುಪಾಲು ಆ ಕೆಲವೇ ಕೆಟ್ಟ ಕಾಳುಗಳಲ್ಲಿರುತ್ತದೆ. ಕಹಿಯಾದ ಕಡಲೆಬೀಜ ಬಾಯಿಗೆ ಬಂದರೆ ನಾಚಿಕೊಳ್ಳದೆ ಉಗುಳಿರಿ.

ಮೂರನೆಯದು, ಬೆಳೆಗೆ ಹೊಡೆಯುವ ಕೀಟನಾಶಕ.

ಇದಕ್ಕೆ ನಮ್ಮ ಜನ ಇಟ್ಟಿರುವ ಹೆಸರುಗಳನ್ನು ಗಮನಿಸಿರಿ. ಕೆಲವು ಕಡೆ ‘ಔಷಧಿ’ ಎನ್ನುತ್ತಾರೆ, ಕೆಲವು ಕಡೆ ‘ಎಣ್ಣೆ’ ಎನ್ನುತ್ತಾರೆ. ಔಷಧಿಯೆಂದರೆ ಕಾಯಿಲೆಗೆ ಕುಡಿಯುವುದು, ಎಣ್ಣೆಯೆಂದರೆ ಒಗ್ಗರಣೆಗೆ ಹಾಕುವುದು. ವಿಷಕ್ಕೆ ಅಡುಗೆಮನೆಯ ಹೆಸರಿಟ್ಟರೆ ಅದು ಅಡುಗೆಮನೆಗೆ ಬರುವುದು ಸುಲಭವಾಗುತ್ತದೆ. ಮನೆಯಲ್ಲಿ ಮಕ್ಕಳ ಮುಂದೆ ಅದನ್ನು ‘ವಿಷ’ ಎಂದೇ ಕರೆಯಿರಿ.

1958ರಲ್ಲಿ ಕೇರಳಕ್ಕೆ ಹಡಗಿನಲ್ಲಿ ಬರುತ್ತಿದ್ದ ಗೋಧಿ ಹಿಟ್ಟಿನೊಡನೆ ಪ್ಯಾರಾಥಯಾನ್ ಎಂಬ ಕೀಟನಾಶಕವನ್ನೂ ಸಾಗಿಸಿದ್ದರು. ಅದು ಸೋರಿ ಹಿಟ್ಟಿಗೆ ತಗಲಿತು. ಆ ಹಿಟ್ಟಿನ ತಿಂಡಿ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಈ ದುರಂತ ಕಣ್ಣು ತೆರೆಸಿದ ಬಳಿಕ 1968ರಲ್ಲಿ ಕೀಟನಾಶಕಗಳ ಕಾಯಿದೆ ಬಂದಿತು. ಕಾಯಿದೆ ಬಂದು 45 ವರ್ಷಗಳಾದ ಮೇಲೆ, 2013ರ ಜುಲೈ 16ರಂದು, ಬಿಹಾರದ ಸಾರಣ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಇದ್ದುದು ಪರೀಕ್ಷೆಯಲ್ಲಿ ತಿಳಿಯಿತು. ಎಣ್ಣೆ ಸರಿಯಿಲ್ಲವೆಂದು ಅಡುಗೆಯಾಕೆ ಮೊದಲೇ ಹೇಳಿದ್ದಳೆಂದೂ, ಆಕೆಯ ಮಾತಿಗೆ ಬೆಲೆ ಸಿಗಲಿಲ್ಲವೆಂದೂ ಅಂದಿನ ಸುದ್ದಿಗಳು ವರದಿ ಮಾಡಿದವು. ಒಲೆಯ ಮುಂದೆ ನಿಂತವರ ಮೂಗು ಒಂದು ಎಚ್ಚರಿಕೆಯನ್ನು ಕೊಟ್ಟರೆ ಗಂಡಸರು ಅದನ್ನು ತಳ್ಳಿಹಾಕಬಾರದು.

ಈಗ ಆರಂಭದಲ್ಲಿ ಹೇಳಿದ ಮಾತಿಗೆ ಬರುತ್ತೇನೆ. ನಮ್ಮ ಸಂಸಾರಗಳಲ್ಲಿ ಹೊಲ ಗಂಡನದು, ಒಲೆ ಹೆಂಡತಿಯದು ಎಂಬ ವಾಡಿಕೆಯಿದೆ. ಹೊಲಕ್ಕೆ ಏನು ಹೊಡೆದೆನೆಂದು ಗಂಡ ಹೇಳುವುದಿಲ್ಲ, ಹೆಂಡತಿ ಕೇಳುವುದಿಲ್ಲ. ನಿನ್ನೆ ಸಿಂಪಡಿಸಿದ ಬದನೆಗಿಡದಿಂದ ಇಂದು ಆಕೆ ಸಾರಿಗೆ ಕಾಯಿ ಕಿತ್ತು ತರುತ್ತಾಳೆ. ಅಟ್ಟದ ಮೇಲಿನ ಬೀಜದ ಚೀಲ ಯಾವುದೆಂದು ಆತ ತಿಳಿಸಿರುವುದಿಲ್ಲ. ಕಾಳು ತೀರಿದ ದಿನ ಆಕೆ ಅದನ್ನು ಬಿಚ್ಚುತ್ತಾಳೆ. ಆಕೆ ತೊಳೆದಿಟ್ಟ ಡಬ್ಬಿ ಚೆನ್ನಾಗಿದೆಯೆಂದು ಆತ ಅದರಲ್ಲಿ ವಿಷವನ್ನು ಬಗ್ಗಿಸಿಡುತ್ತಾನೆ. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಒಬ್ಬರಿಗೆ ತಿಳಿದುದು ಇನ್ನೊಬ್ಬರಿಗೆ ತಿಳಿಯಲಿಲ್ಲ, ಅಷ್ಟೆ. ಅದರ ಫಲವನ್ನು ಉಣ್ಣುವುದು ಮಗು.

ಆದುದರಿಂದ ಇಂದು ಮನೆಗೆ ಹೋದೊಡನೆ ಗಂಡ ಹೆಂಡಿರು ಕುಳಿತು ಐದು ವಿಷಯಗಳನ್ನು ನಿಶ್ಚಯಿಸಿಕೊಳ್ಳಬೇಕೆಂದು ಕೋರುತ್ತೇನೆ.

ಒಂದು: ವಿಷದ ಡಬ್ಬಿಗಳಿಗೆ ಬೀಗವಿರುವ ಪ್ರತ್ಯೇಕ ಪೆಟ್ಟಿಗೆ ಇರಲಿ. ಅದು ಅಡುಗೆಮನೆ, ಕಾಳಿನ ಕೋಣೆ, ಕೊಟ್ಟಿಗೆ ಇವುಗಳಿಂದ ದೂರವಿರಲಿ.

ಎರಡು: ವಿಷವನ್ನು ಅದರ ಮೂಲ ಡಬ್ಬಿಯಿಂದ ಬೇರೆ ಯಾವ ಸೀಸೆಗೂ ಬಗ್ಗಿಸಬಾರದು. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ಇಬ್ಬರೂ ಗುರುತಿಸಲು ಕಲಿಯಬೇಕು. ಕೆಂಪು ಅತ್ಯಂತ ಘೋರವಾದುದು. ಹಳದಿ, ನೀಲಿ, ಹಸಿರು ಕ್ರಮವಾಗಿ ಅದಕ್ಕಿಂತ ಕಡಮೆಯವು. ಹಸಿರೆಂದರೆ ತಿನ್ನಬಹುದೆಂದು ಅರ್ಥವಲ್ಲ. ಖಾಲಿ ಡಬ್ಬಿಯನ್ನು ಮೂರು ಸಲ ಗಲಬರಿಸಿ, ಆ ನೀರನ್ನು ಸಿಂಪಡಿಸುವ ಯಂತ್ರಕ್ಕೇ ಹಾಕಿ, ಡಬ್ಬಿಗೆ ತೂತು ಮಾಡಿಬಿಡಿರಿ. ತೂತಾದ ಡಬ್ಬಿಯಲ್ಲಿ ಯಾರೂ ಎಣ್ಣೆಯನ್ನೂ ನೀರನ್ನೂ ತುಂಬಲಾರರು.

ಮೂರು: ಸಿಂಪಡಿಸಿದ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿರಿ. ಸಿಂಪಡಿಸಿದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕೆಂಬುದು ಡಬ್ಬಿಯ ಚೀಟಿಯಲ್ಲಿರುತ್ತದೆ. ಆ ದಿನಗಳು ಕಳೆಯುವವರೆಗೆ ಮನೆಗೂ ಸಂತೆಗೂ ಆ ತರಕಾರಿಯನ್ನು ಕೀಳಬಾರದು. ತೊಳೆದರೆ ಮೇಲಿನ ಅಂಶ ಕಡಮೆಯಾಗುತ್ತದೆ. ಗಿಡದ ರಸದೊಳಕ್ಕೆ ಇಳಿದುದು ತೊಳೆದರೆ ಹೋಗದು.

ನಾಲ್ಕು: ಗರ್ಭಿಣಿಯೂ ಹಾಲೂಡುವ ತಾಯಿಯೂ ವಿಷವನ್ನು ಕಲಸುವ, ಸಿಂಪಡಿಸುವ, ಅದರ ಬಟ್ಟೆ ಒಗೆಯುವ ಕೆಲಸವನ್ನು ಮಾಡಕೂಡದು. ಆ ಬಟ್ಟೆಯನ್ನು ಗಂಡನೇ ಬೇರೆಯಾಗಿ ಒಗೆದುಕೊಳ್ಳಲಿ. ಇದರಿಂದ ಗಂಡಸುತನಕ್ಕೆ ಕುಂದಿಲ್ಲ. ಹಾಗೆಂದು ನಂಜಿಗೆ ಹೆದರಿ ಮಗುವಿಗೆ ಎದೆಹಾಲು ಬಿಡಿಸಬೇಡಿರಿ. ಮೊದಲ ಆರು ತಿಂಗಳು ಎದೆಹಾಲಿಗೆ ಸಮನಾದ ಆಹಾರ ಬೇರೊಂದಿಲ್ಲ.

ಐದು: ಕಾಳಿಗೆ ಹುಳು ಬಾರದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಮನುಷ್ಯರು ಮಲಗುವ ಮನೆಯಲ್ಲಿ ಬಳಸಬೇಡಿರಿ. ತೇವ ತಗಲಿದೊಡನೆ ಅದರಿಂದ ಹೊರಡುವ ಅನಿಲ ನಿದ್ದೆಯಲ್ಲಿಯೇ ಪ್ರಾಣ ತೆಗೆಯಬಲ್ಲುದು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಅವಘಡವಾದರೆ ಏನು ಮಾಡಬೇಕು? ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ವಾಂತಿ, ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ, ಉಬ್ಬಸ ಇವು ಕೀಟನಾಶಕ ಸೇರಿದ ಸಾಮಾನ್ಯ ಲಕ್ಷಣಗಳು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿರಿ. ವಾಂತಿ ಶ್ವಾಸನಾಳಕ್ಕೆ ಇಳಿದರೆ ಅದೇ ಮೃತ್ಯುವಾಗುತ್ತದೆ. ಹಾಲು, ಮಜ್ಜಿಗೆ, ಎಣ್ಣೆ ಏನನ್ನೂ ಬಾಯಿಗೆ ಹಾಕಬೇಡಿರಿ. ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿರಿ. ವಿಷ ಬಿದ್ದ ಬಟ್ಟೆಯನ್ನು ಕಳಚಿ ಮೈಯನ್ನು ಸಾಬೂನಿನಿಂದ ತೊಳೆಯಿರಿ. 108ಕ್ಕೆ ಕರೆ ಮಾಡಿರಿ. ಆಸ್ಪತ್ರೆಗೆ ಬರುವಾಗ ವಿಷದ ಡಬ್ಬಿಯನ್ನೂ ತಪ್ಪದೆ ತನ್ನಿರಿ. ಡಬ್ಬಿಯ ಹೆಸರು ತಿಳಿದರೆ ವೈದ್ಯನು ಊಹಿಸುತ್ತ ಕಾಲ ಕಳೆಯಬೇಕಾಗುವುದಿಲ್ಲ. ಬೈಗುಳಕ್ಕೋ ಪೊಲೀಸರಿಗೋ ಹೆದರಿ ನಿಜವನ್ನು ಮರೆಮಾಚಬೇಡಿರಿ.

ಸೋದರ ಸೋದರಿಯರೇ, ಚಿಕ್ಕ ಸಂಸಾರವೇ ಸುಖ ಸಂಸಾರವೆಂದು ಕುಟುಂಬ ಕಲ್ಯಾಣದ ಕಾರ್ಯಕರ್ತರು ತಮ್ಮ ಮನೆಬಾಗಿಲಿಗೆ ಬಂದು ಹೇಳುತ್ತ ಬಂದಿದ್ದಾರೆ. ಒಂದೋ ಎರಡೋ ಮಕ್ಕಳನ್ನು ಬಯಸಿ ಹೆತ್ತವರಿಗೆ ಆ ಮಕ್ಕಳು ಗಟ್ಟಿಯಾಗಿ, ಬುದ್ಧಿವಂತರಾಗಿ ಬೆಳೆಯಲೆಂಬ ಹಂಬಲ ಸಹಜ. ಅದಕ್ಕೆ ಬೇಕಾದ ಪೌಷ್ಟಿಕ ಆಹಾರದ ಬಗೆಗೆ ಅಂಗನವಾಡಿಯಲ್ಲಿ ಕೇಳಿ ತಿಳಿಯುತ್ತೀರಿ. ಆ ಆಹಾರ ನಂಜಿಲ್ಲದೆ ತಟ್ಟೆಗೆ ಬರಬೇಕಾದರೆ ಹೊಲದಿಂದ ಬಂದವನು ಹೇಳಬೇಕು, ಒಲೆಯ ಬಳಿ ಇರುವವಳು ಕೇಳಬೇಕು. ಅಟ್ಟದ ಮೇಲೆ ಯಾವ ಚೀಲ ಏತಕ್ಕಾಗಿ ಇದೆಯೆಂದು ಈ ಸಂಜೆ ಇಬ್ಬರೂ ಕೂಡಿ ನೋಡಿರಿ. ಸಂಶಯವಿದ್ದ ಕಾಳನ್ನು ಒಲೆಗೆ ಏರಿಸಬೇಡಿರಿ. ಮತ್ತೇನಾದರೂ ಕೇಳುವುದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿರಿ, ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ದಂಪತಿಗಳು ಜೊತೆಯಾಗಿ ಬಂದರೆ ಇನ್ನೂ ಒಳ್ಳೆಯದು.